ರಕ್ತಸಂಗ್ರಹಣ ವಿಧಾನವೂ ರಕ್ಷಕ ಕಣಗಳ ಗಣನೆಯೂ

1957ನೆಯ ಇಸವಿಯ ಬೇಸಗೆಯ ಮೊದಲಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದರಂತೆ ಸಾಯತೊಡಗಿದುವು. ಸುತ್ತಣ ಹಳ್ಳಿಗಳ ಜನರೂ ಜ್ವರಪೀಡಿತರಾದರು. ಕಾರಣವನ್ನು ಶೋಧಿಸುವ ಹೊಣೆಯನ್ನು ಹೊತ್ತುದು ಪುಣೆಯ ವೈರಸ್ ಸಂಶೋಧನ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ ಈ ಕೇಂದ್ರಕ್ಕೆ 1978ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂಬ ಹೆಸರಾಯಿತು. ಮಲೆನಾಡಿನ ಮಂಗಗಳ ಮತ್ತು ರೋಗಿಗಳ ರಕ್ತ ಪುಣೆಯವರೆಗೆ ಪಯಣಿಸಿತು. ಅದುವರೆಗೆ ಲೋಕಕ್ಕೆ ತಿಳಿಯದಿದ್ದ ವೈರಸ್ಸೊಂದು ಅದರಿಂದ ಬೇರ್ಪಟ್ಟಿತು. ಒಂದು ಕನ್ನಡ ಊರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿತು.

ಈ ಕಥೆ ಪುಣೆಯ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಇಲ್ಲಿ ನೆನೆಯಲು ಬೇರೊಂದು ಕಾರಣವುಂಟು. ವೈರಸ್ಸನ್ನು ಅರಸುವವನು ರಕ್ತವನ್ನು ಎಷ್ಟು ತಣ್ಣಗಿಟ್ಟರೆ ಅಷ್ಟು ಒಳ್ಳೆಯದು. ರಕ್ತದ ಕಣಗಳು ಒಡೆದು ಸತ್ತರೂ ಅವನಿಗೆ ಹೆಚ್ಚಿನ ನಷ್ಟವಿಲ್ಲ. ರಕ್ತರಸದಲ್ಲಿ ಪ್ರತಿಕಾಯಗಳನ್ನು ಅಳೆಯುವವನಿಗೂ ಅಷ್ಟೆ. ಹೆಪ್ಪುಗಟ್ಟಿದ ರಕ್ತದಿಂದ ತಿಳಿಯಾದ ರಸವನ್ನು ಬೇರ್ಪಡಿಸಿ ಶೀತಪೆಟ್ಟಿಗೆಯಲ್ಲಿಟ್ಟರೆ ಅದು ವರ್ಷಗಟ್ಟಲೆ ಕಾಯುತ್ತದೆ. ಆದರೆ ಅದೇ ನಗರದ ಭೋಸರಿಯಲ್ಲಿ 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನ ಸಂಸ್ಥೆ ಆರಂಭವಾದಾಗ ರಕ್ತದ ಮುಂದೆ ಇಟ್ಟ ಪ್ರಶ್ನೆಯೇ ಬೇರೆಯಾಯಿತು. ರಕ್ತದಲ್ಲಿ ಏನು ಅಡಗಿದೆ ಎಂಬುದರ ಜೊತೆಗೆ, ಅದರಲ್ಲಿ ಬದುಕಿರುವ ಒಂದು ಬಗೆಯ ಕಣಗಳು ಎಷ್ಟಿವೆ, ಅವು ತಮ್ಮ ಕೆಲಸವನ್ನು ಮಾಡಬಲ್ಲುವೇ ಎಂಬುದನ್ನೂ ತಿಳಿಯಬೇಕಾಯಿತು. ಇಂಥ ಪ್ರಶ್ನೆಗೆ ಮಂಜುಗಡ್ಡೆ ಸಹಾಯಕವಲ್ಲ, ಶತ್ರು. ಮೊದಲನೆಯ ಬಗೆಯ ಪರೀಕ್ಷೆಯಲ್ಲಿ ಪಳಗಿದ ಕೈ ಎರಡನೆಯದರಲ್ಲಿ ತಪ್ಪಬಹುದಾದ ಸ್ಥಾನ ಇದೇ.

ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟ್ ಎಂಬುದೊಂದು ಜಾತಿ. ಅದರೊಳಗೆ ಟಿ-ಕಣಗಳೆಂಬುದೊಂದು ಪಂಗಡ. ಆ ಪಂಗಡದಲ್ಲಿ ಸಿ.ಡಿ.4 ಎಂಬ ಗುರುತನ್ನು ಮೈಮೇಲೆ ಧರಿಸಿದ ಕಣಗಳು ದೇಹದ ರಕ್ಷಣಾಕಾರ್ಯದಲ್ಲಿ ಉಳಿದ ಕಣಗಳನ್ನು ಎಚ್ಚರಿಸಿ ನಡೆಸತಕ್ಕವು. ಏಡ್ಸ್ ರೋಗದ ವೈರಸ್ಸು ಕಣದೊಳಗೆ ನುಗ್ಗಲು ಹಿಡಿಯುವ ಬಾಗಿಲು ಈ ಸಿ.ಡಿ.4 ಗುರುತೇ ಎಂಬುದು 1984ರಲ್ಲಿ ತಿಳಿದುಬಂದಿತು. ಆರೋಗ್ಯವಂತ ವಯಸ್ಕನ ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವುಗಳ ಸಂಖ್ಯೆ ಸುಮಾರು 500ರಿಂದ 1500. ರೋಗ ಬಲಿತಂತೆ ಸಂಖ್ಯೆ ಇಳಿಯುತ್ತದೆ. 200ಕ್ಕಿಂತ ಕೆಳಗಿಳಿದರೆ, ಆರೋಗ್ಯವಂತರಿಗೆ ಏನೂ ಮಾಡದ ಕ್ಷುದ್ರ ಜೀವಿಗಳೂ ಪ್ರಾಣಾಪಾಯವನ್ನು ಒಡ್ಡಬಲ್ಲುವು.

2004ರ ಏಪ್ರಿಲ್ ತಿಂಗಳಲ್ಲಿ ಭಾರತ ಸರ್ಕಾರ ಈ ರೋಗಕ್ಕೆ ಉಚಿತ ಔಷಧವನ್ನು ಕೊಡಲು ತೊಡಗಿದಾಗ ಯಾರಿಗೆ ಮೊದಲು ಕೊಡಬೇಕೆಂಬ ನಿರ್ಣಯಕ್ಕೆ 200ರ ಗೆರೆಯನ್ನು ಎಳೆಯಲಾಯಿತು. ಮುಂದೆ ಗೆರೆ ಮೇಲಕ್ಕೆ ಸರಿಯಿತು. 2017ರಿಂದ ರೋಗನಿರ್ಣಯವಾದ ಎಲ್ಲರಿಗೂ ಗಣನೆಯನ್ನು ಕಾಯದೆ ಔಷಧ ಕೊಡುವ ನೀತಿ ಬಂದಿತು. ಆದರೂ ಗೆರೆ ಅಳಿಸಿಹೋಗಿಲ್ಲ. 200ಕ್ಕಿಂತ ಕೆಳಗಿರುವವರನ್ನು ಬಲಿತ ರೋಗದವರೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ; ಮಿದುಳಿನ ಪೊರೆಯ ಶಿಲೀಂಧ್ರ ರೋಗ ಮೊದಲಾದುವನ್ನು ಮುಂಚಿತವಾಗಿ ಹುಡುಕುವ ಪರೀಕ್ಷೆಗಳು ಈ ಸಂಖ್ಯೆಯನ್ನೇ ಅವಲಂಬಿಸಿವೆ. 190 ಇರಬೇಕಾದದ್ದು 210 ಎಂದು ಬರೆಯಲ್ಪಟ್ಟರೆ ಕಾಗದದ ಮೇಲೆ ವ್ಯತ್ಯಾಸ ಅಲ್ಪ. ಆ ಕಾಗದವನ್ನು ಹಿಡಿದು ಮನೆಗೆ ಹೋಗುವವನ ಪಾಲಿಗೆ ಅಲ್ಪವಲ್ಲ.

ಇನ್ನು ಎಣಿಸುವ ಯಂತ್ರದ ವಿಚಾರ. ಒಂದೊಂದು ಗುರುತಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. ಅಂಥ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ರಕ್ತಕ್ಕೆ ಬೆರೆಸಿದರೆ ಸಿ.ಡಿ.4 ಕಣಗಳು ಮಾತ್ರ ಬಣ್ಣವನ್ನು ಹೊರುತ್ತವೆ. ಆಮೇಲೆ ಕಣಗಳನ್ನು ಸಣ್ಣ ಪ್ರವಾಹದಲ್ಲಿ ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಹೊಳೆದವುಗಳನ್ನು ಎಣಿಸುವ ಯಂತ್ರವೇ ಫ್ಲೋ ಸೈಟೋಮೀಟರು. ಅದರ ನಿಖರತೆ ಮೆಚ್ಚತಕ್ಕದ್ದು. ಆದರೆ ಅದು ಎಣಿಸುವುದು ಕೊಳವೆಯೊಳಗಿರುವ ಕಣಗಳನ್ನು, ರೋಗಿಯ ನಾಳದೊಳಗಿರುವುದನ್ನಲ್ಲ. ಇವೆರಡರ ನಡುವೆ ಒಂದು ಸೂಜಿ, ಒಂದು ರಬ್ಬರ್ ಪಟ್ಟಿ, ಕೊಳವೆಯ ತಳದ ಒಂದಿಷ್ಟು ರಾಸಾಯನಿಕ, ಕೆಲವು ಗಂಟೆಗಳ ಕಾಲ ಮತ್ತು ಒಂದು ಪ್ರಯಾಣ ಇರುತ್ತವೆ.

ಮೈಯಿಂದ ಹೊರಬಿದ್ದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಬಲೆಯಲ್ಲಿ ಸಿಕ್ಕಿದ ಕಣಗಳನ್ನು ಎಣಿಸಲಾಗದು. ಆದುದರಿಂದ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೊಂದು ಕೊಳವೆಯಲ್ಲಿ ಮೊದಲೇ ಇರಬೇಕು. ಇವುಗಳಲ್ಲಿ ಮುಖ್ಯವಾದುವು ಮೂರು. ಸೋಡಿಯಂ ಸಿಟ್ರೇಟನ್ನು ರಕ್ತದಾನಕ್ಕೆ ಬಳಸಬಹುದೆಂದು 1914ರಲ್ಲಿ ಬ್ರಸೆಲ್ಸಿನ ಹುಸ್ಟಿನ್ನರೂ ಬ್ಯೂನಸ್ ಐರಿಸಿನ ಅಗೋಟೆಯವರೂ ತೋರಿಸಿಕೊಟ್ಟರು. ಹೆಪಾರಿನ್ 1916ರಲ್ಲಿ ಮೆಕ್ಲೀನ್ ಎಂಬ ವಿದ್ಯಾರ್ಥಿ ನಡೆಸಿದ ಪ್ರಯೋಗಗಳಿಂದ ಆರಂಭವಾದ ಶೋಧನೆಯ ಫಲ. ಇ.ಡಿ.ಟಿ.ಎ. ಎಂಬುದು 1930ರ ದಶಕದಲ್ಲಿ ಜರ್ಮನಿಯ ಬಣ್ಣದ ಉದ್ಯಮದಲ್ಲಿ ಹುಟ್ಟಿ, ನೀರಿನ ಗಡಸುತನವನ್ನು ಕಳೆಯಲು ಉದ್ದೇಶಿಸಿದ ವಸ್ತು. ರಕ್ತಪರೀಕ್ಷೆಗೆ ಅದು ಬಂದದ್ದು 1950ರ ದಶಕದಲ್ಲಿ. ಇಂದು ಕೊಳವೆಯ ಮುಚ್ಚಳದ ಬಣ್ಣವೇ ಒಳಗಿನ ವಸ್ತುವನ್ನು ಸಾರುತ್ತದೆ: ಇ.ಡಿ.ಟಿ.ಎ. ಇದ್ದರೆ ತಿಳಿನೇರಿಳೆ, ಹೆಪಾರಿನ್ ಇದ್ದರೆ ಹಸಿರು, ಸಿಟ್ರೇಟ್ ಇದ್ದರೆ ತಿಳಿನೀಲಿ.

ಮೂರೂ ಹೆಪ್ಪನ್ನು ತಡೆಯುತ್ತವೆಂದ ಮೇಲೆ ಯಾವುದಾದರೇನು ಎಂದು ಕೇಳಬಹುದು. ಉತ್ತರ ಅವು ತಡೆಯುವ ಬಗೆಯಲ್ಲಿದೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇ.ಡಿ.ಟಿ.ಎ. ಮತ್ತು ಸಿಟ್ರೇಟುಗಳು ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದು ಕಟ್ಟಿಬಿಡುತ್ತವೆ. ಹೆಪಾರಿನ್ ಹಾಗಲ್ಲ, ಅದು ಕ್ಯಾಲ್ಸಿಯಮ್ಮನ್ನು ಮುಟ್ಟದೆ, ರಕ್ತದಲ್ಲಿ ಸಹಜವಾಗಿರುವ ಹೆಪ್ಪುನಿರೋಧಕ ಸಸಾರಜನಕವೊಂದನ್ನು ಬಲಪಡಿಸಿ ಕೆಲಸವನ್ನು ಸಾಧಿಸುತ್ತದೆ. ಬರಿಯ ಎಣಿಕೆಗಾದರೆ ಇ.ಡಿ.ಟಿ.ಎ. ಶ್ರೇಷ್ಠ. ಕಣಗಳು ಒಂದಕ್ಕೊಂದು ಅಂಟವು, ಆಕಾರ ಕೆಲಕಾಲ ಕೆಡದು. ಹೆಪಾರಿನ್ನಿನಲ್ಲಿಟ್ಟ ರಕ್ತದಲ್ಲಿ ಬಿಳಿಯ ಕಣಗಳೂ ಪಟ್ಟಿಕೆಗಳೂ ಗುಂಪುಗೂಡುವ ಸಂಭವವಿರುವುದರಿಂದ ಒಟ್ಟು ಬಿಳಿಯ ಕಣಗಳ ಎಣಿಕೆಗೆ ಅದು ಒಗ್ಗದು. ಆದರೆ ಟಿ-ಕಣವು ಶತ್ರುವನ್ನು ಗುರುತಿಸಿದೊಡನೆ ಅದರೊಳಗೆ ಮೊದಲು ನಡೆಯುವ ಕ್ರಿಯೆಗಳಲ್ಲಿ ಕ್ಯಾಲ್ಸಿಯಂ ಒಳಹರಿಯುವುದೂ ಒಂದು. ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿದ ಕೊಳವೆಯಲ್ಲಿ ಆ ಕಣಕ್ಕೆ ಎಚ್ಚರವೇ ಆಗದು. ಆದುದರಿಂದ ಕಣಗಳ ಕಾರ್ಯಶಕ್ತಿಯನ್ನು ರಕ್ತದ ಕೊಳವೆಯಲ್ಲಿಯೇ ಪರೀಕ್ಷಿಸುವುದಾದರೆ ಹೆಪಾರಿನ್ ಬೇಕು. ಕ್ಷಯರೋಗದ ಸೋಂಕನ್ನು ತಿಳಿಯಲು ಬಳಸುವ ಇಂಟರ್‌ಫೆರಾನ್-ಗಾಮಾ ಪರೀಕ್ಷೆ ಇದಕ್ಕೆ ನಿದರ್ಶನ: ಅಲ್ಲಿ ಹೆಪಾರಿನ್ ಕೊಳವೆ ಕಡ್ಡಾಯ. ಅಷ್ಟೇ ಅಲ್ಲ, ಇ.ಡಿ.ಟಿ.ಎ. ಕೊಳವೆಗೆ ತಾಗಿದ ಸೂಜಿಯಿಂದ ಮುಂದಿನ ಕೊಳವೆಗೆ ಲೇಶಮಾತ್ರವೂ ಹೋಗಬಾರದೆಂದು, ಹಲವು ಕೊಳವೆಗಳನ್ನು ತುಂಬುವಾಗ ಹಸಿರನ್ನು ಮೊದಲೂ ನೇರಿಳೆಯನ್ನು ಅನಂತರವೂ ತುಂಬುವ ಕ್ರಮವನ್ನು ವಿಧಿಸಿದ್ದಾರೆ. ಹೆಪಾರಿನ್ನಿಗೂ ದೋಷವಿಲ್ಲದಿಲ್ಲ. ವೈರಸ್ಸಿನ ವಂಶದ್ರವ್ಯವನ್ನು ವೃದ್ಧಿಸಿ ಅಳೆಯುವ ಪರೀಕ್ಷೆಯನ್ನು ಅದು ಕೆಡಿಸುತ್ತದೆ. ಒಂದೇ ರೋಗಿಯ ಒಂದೇ ರಕ್ತ ಎರಡು ಪ್ರಶ್ನೆಗಳಿಗೆ ಎರಡು ಕೊಳವೆಗಳಲ್ಲಿ ಕೂಡಬೇಕಾಗುವುದು ಹೀಗೆ.

ಸಿಟ್ರೇಟಿನಲ್ಲಿ ಇನ್ನೊಂದು ಗಣಿತದ ಗುಂಡಿ ಇದೆ. ಅದು ದ್ರವರೂಪದಲ್ಲಿರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ. ನಿಜವಾಗಿ 210 ಕಣಗಳಿರುವ ರಕ್ತ ಹೀಗೆ ತೆಳುವಾದ ಮೇಲೆ ಯಂತ್ರಕ್ಕೆ 189 ಆಗಿ ಕಾಣುತ್ತದೆ. ಸಿಟ್ರೇಟಿನೊಡನೆ ಸಕ್ಕರೆಯನ್ನೂ ಸೇರಿಸಿದ ಎ.ಸಿ.ಡಿ. ಎಂಬ ದ್ರಾವಣದ ಹಳದಿ ಮುಚ್ಚಳದ ಕೊಳವೆಯಲ್ಲಿ ಎಂಟೂವರೆ ಪಾಲಿಗೆ ಒಂದೂವರೆ ಪಾಲು. ಅಲ್ಲಿ 230 ಇದ್ದುದು 195ರ ಸಮೀಪಕ್ಕೆ ಇಳಿಯುತ್ತದೆ. ತೆಳುವಾದ ಪ್ರಮಾಣವನ್ನು ಲೆಕ್ಕಕ್ಕೆ ತಂದು ಗುಣಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಕೊಳವೆ ಗೆರೆಯವರೆಗೆ ತುಂಬಿದ್ದರೆ ಮಾತ್ರ ಆ ಗುಣಾಕಾರಕ್ಕೆ ಅರ್ಥ. ಇ.ಡಿ.ಟಿ.ಎ. ಅನ್ನು ಒಣಗಿಸಿ ಕೊಳವೆಯ ಗೋಡೆಗೆ ಲೇಪಿಸುವ ಪದ್ಧತಿಯಿರುವುದರಿಂದ ಈ ತೊಡಕು ಕಡಿಮೆ. ಅಲ್ಲಿಯೂ ಒಂದು ಮಿಲಿಲೀಟರು ರಕ್ತಕ್ಕೆ ಸುಮಾರು ಎರಡು ಮಿಲಿಗ್ರಾಂ ಎಂಬ ಪ್ರಮಾಣ ನಿಶ್ಚಿತ. ಅರ್ಧ ತುಂಬಿದ ಕೊಳವೆಯಲ್ಲಿ ಲವಣ ಇಮ್ಮಡಿಯಾಗಿ ಕಣಗಳು ಸುಕ್ಕುವುವು. ತುಂಬಿದೊಡನೆ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಮಾಡದಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳಾಗಿ, ಅವುಗಳಲ್ಲಿ ಕಣಗಳು ಸೆರೆಯಾಗುತ್ತವೆ. ಬಲವಾಗಿ ಕುಲುಕಿದರೆ ಕಣಗಳೇ ಒಡೆಯುತ್ತವೆ.

ಕೊಳವೆಗಿಂತಲೂ ಮೊದಲಿನ ಘಟ್ಟ ರೋಗಿಯ ತೋಳು. ನಾಳ ಉಬ್ಬಲೆಂದು ಮೇಲ್ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿದ್ದರೆ ರಕ್ತದ ನೀರಿನ ಅಂಶ ನಾಳದಿಂದ ಹೊರಕ್ಕೆ ಸೋರಿ, ಕಣಗಳು ಒತ್ತಾಗಿ ಉಳಿಯುತ್ತವೆ. ಹೀಗೆ ಹತ್ತರಲ್ಲೊಂದು ಪಾಲು ನೀರು ಕಡಿಮೆಯಾಯಿತೆಂದು ಇಟ್ಟುಕೊಂಡರೆ 190 ಇದ್ದುದು 211 ಆಗುತ್ತದೆ. ಸಿಟ್ರೇಟು ಮಾಡುವುದಕ್ಕೆ ಇದು ತಿರುವುಮುರುವು. ಮೆಟ್ಟಿಲು ಹತ್ತಿ ಏದುತ್ತ ಬಂದವನ ರಕ್ತವನ್ನು ಕೂಡಲೆ ತೆಗೆದರೂ ತೊಂದರೆ: ಶ್ರಮದಿಂದ ಲಿಂಫೋಸೈಟುಗಳು ತಾತ್ಕಾಲಿಕವಾಗಿ ರಕ್ತಕ್ಕೆ ಹೆಚ್ಚಾಗಿ ಇಳಿದುಬರುತ್ತವೆ, ಶ್ರಮ ನಿಂತ ಮೇಲೆ ಸ್ವಲ್ಪ ಕಾಲ ಎಂದಿಗಿಂತ ಕಡಿಮೆಯಾಗುತ್ತವೆ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಹೊತ್ತಿನ ವಿಚಾರ. ದೇಹದ ಕಾರ್ಟಿಸೋಲ್ ಎಂಬ ಅಂತಃಸ್ರಾವ ಬೆಳಗ್ಗೆ ಹೆಚ್ಚು, ರಾತ್ರಿ ಕಡಿಮೆ, ಸಿ.ಡಿ.4 ಕಣಗಳು ಅದಕ್ಕೆ ವಿಲೋಮವಾಗಿ ಬೆಳಗಿನಲ್ಲಿ ತಗ್ಗಿ ಇರುಳಿನಲ್ಲಿ ಏರುತ್ತವೆ. ಹೋದ ಸಲ ಸಂಜೆ, ಈ ಸಲ ಬೆಳಗ್ಗೆ ರಕ್ತ ಕೊಟ್ಟವನ ಸಂಖ್ಯೆ ಇಳಿದಿದ್ದರೆ ಔಷಧ ಸೋತಿತೆಂದು ಹೇಳುವ ಮುನ್ನ ಗಡಿಯಾರವನ್ನು ಕೇಳಬೇಕಾಗುತ್ತದೆ.

ಬೆರಳ ತುದಿಯನ್ನು ಚುಚ್ಚಿ ಎರಡು ಹನಿ ರಕ್ತದಿಂದ ಅಲ್ಲಿಯೇ ಎಣಿಸಿಬಿಡುವ ಸಣ್ಣ ಯಂತ್ರಗಳು ಬಂದಾಗ ದೂರದ ಹಳ್ಳಿಗಳ ಪಾಲಿಗೆ ಅದು ವರವೆನಿಸಿತು; ವರವೇ ಹೌದು. ಭಾರತದ ಕ್ಷೇತ್ರಪರಿಸ್ಥಿತಿಯಲ್ಲಿ ಅಂಥ ಯಂತ್ರವನ್ನು ಪರೀಕ್ಷಿಸಿದವರಲ್ಲಿ ಭೋಸರಿಯ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಆದರೆ ಹನಿ ಬಾರದಿದ್ದರೆ ಬೆರಳನ್ನು ಹಿಂಡುವುದು ಮನುಷ್ಯಸ್ವಭಾವ. ಹಿಂಡಿದಾಗ ರಕ್ತದ ಜೊತೆಗೆ ಅಂಗಾಂಶದ ನೀರೂ ಬೆರೆಯುತ್ತದೆ. ಮೊದಲ ಹನಿಯನ್ನು ಒರೆಸಿಹಾಕಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ. ಮುಂಗೈ ನಾಳದ ರಕ್ತಕ್ಕಿಂತ ಬೆರಳಿನ ರಕ್ತದ ಸಂಖ್ಯೆಗಳು ಹೆಚ್ಚು ಚೆದುರುವುದಕ್ಕೆ ಯಂತ್ರವೊಂದನ್ನೇ ದೂರುವುದು ನ್ಯಾಯವಲ್ಲ.

ಪ್ರಯಾಣದ ಮಾತು ಪುಣೆಯವರಿಗೆ ಬೇಗ ಅರ್ಥವಾಗುತ್ತದೆ. ಔಷಧ ಕೊಡುವ ಎಲ್ಲ ಕೇಂದ್ರಗಳಲ್ಲಿಯೂ ಎಣಿಸುವ ಯಂತ್ರವಿಲ್ಲ. ಯಂತ್ರವಿರುವ ಊರಿಗೆ ಕೊಳವೆಗಳು ಹೋಗಬೇಕು. ಎಣಿಕೆಯ ರಕ್ತವನ್ನು ಸುಮಾರು 20ರಿಂದ 25 ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟು, ಸಾಮಾನ್ಯವಾಗಿ 48 ಗಂಟೆಗಳೊಳಗೆ ಬಣ್ಣಕಟ್ಟಿ ಎಣಿಸತಕ್ಕದ್ದೆಂಬುದು ವಿಧಿ. ಪುಸ್ತಕದಲ್ಲಿ ಇದಕ್ಕೆ ಕೋಣೆಯ ಉಷ್ಣತೆ ಎಂದು ಹೆಸರು. ಈ ಹೆಸರನ್ನಿಟ್ಟವರ ಕೋಣೆ ಯಾವ ದೇಶದ್ದೋ! ವೈಶಾಖದ ಮಧ್ಯಾಹ್ನ ದಕ್ಖಣದ ರಸ್ತೆಯಲ್ಲಿ ಮೋಟಾರಿನೊಳಗಿನ ಉಷ್ಣತೆ 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಹೆದರಿದವನು ಕೊಳವೆಗಳನ್ನು ಮಂಜುಗಡ್ಡೆಯ ಮೇಲಿಟ್ಟು ಕಳುಹಿಸುತ್ತಾನೆ. ಕ್ಯಾಸನೂರಿನ ರಕ್ತಕ್ಕೆ ಅದು ತಕ್ಕ ಉಪಚಾರವಾಗಿದ್ದೀತು. ಇಲ್ಲಿ ಮಾತ್ರ, ತಣ್ಣಗಾದ ರಕ್ತದಲ್ಲಿ ಲಿಂಫೋಸೈಟುಗಳು ಸಮನಾಗಿಯಲ್ಲ, ಕೆಲವು ಹೆಚ್ಚು ಕೆಲವು ಕಡಿಮೆಯಾಗಿ ನಷ್ಟವಾಗುತ್ತವೆ. ಬಿಸಿಯೂ ಕೂಡದು, ಹಿಮವೂ ಕೂಡದು. ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ ಕೊಳವೆಗೆ ನೇರವಾಗಿ ತಾಗದಂತೆ ಸ್ವಲ್ಪ ತಂಪನ್ನಿಟ್ಟು ಕಳುಹಿಸುವ ಉಪಾಯವನ್ನು ಹಿಡಿಯಬೇಕಾಗುತ್ತದೆ.

ಕಣಗಳ ಕಾರ್ಯಶಕ್ತಿಯ ಪರೀಕ್ಷೆಯಲ್ಲಿ ಕಾಲದ ನಿರ್ಬಂಧ ಇನ್ನೂ ಕಠಿಣ. ಮೇಲೆ ಹೇಳಿದ ಕ್ಷಯದ ಪರೀಕ್ಷೆಯಲ್ಲಿ ರಕ್ತವನ್ನು ಕೋಣೆಯ ಉಷ್ಣತೆಯಲ್ಲಿಟ್ಟರೆ 16 ಗಂಟೆಗಳೊಳಗೆ 37 ಡಿಗ್ರಿಯ ಪೆಟ್ಟಿಗೆಗೆ ಸೇರಿಸಬೇಕು. ಟಿ-ಕಣಗಳನ್ನು ಬೇರ್ಪಡಿಸಿ ಪರೀಕ್ಷಿಸುವ ವಿಧಾನವನ್ನು ನಾರ್ವೆಯ ಬೋಯಮ್ 1968ರಲ್ಲಿ ವಿವರಿಸಿದರು: 1.077 ಸಾಂದ್ರತೆಯ ದ್ರವದ ಮೇಲೆ ರಕ್ತವನ್ನು ಹರಡಿ ವೇಗವಾಗಿ ತಿರುಗಿಸಿದರೆ ಭಾರವಾದ ಕೆಂಪು ಕಣಗಳೂ ಹರಳುಗೂಡಿದ ಬಿಳಿಯ ಕಣಗಳೂ ತಳಕ್ಕಿಳಿದು, ಲಿಂಫೋಸೈಟುಗಳು ನಡುವೆ ಕೆನೆಯಂತೆ ನಿಲ್ಲುತ್ತವೆ. ತಾಜಾ ರಕ್ತದಲ್ಲಿ ಮಾತ್ರ ಹೀಗೆ. ರಾತ್ರಿಯೆಲ್ಲ ಕಾದ ರಕ್ತದಲ್ಲಿ ಹರಳುಗೂಡಿದ ಕಣಗಳು ಕೆರಳಿ ಹಗುರಾಗಿ, ತಳಕ್ಕಿಳಿಯದೆ ಆ ಕೆನೆಯಲ್ಲಿಯೇ ಬೆರೆತುಬಿಡುತ್ತವೆ. ಬೆರೆತ ಮೇಲೆ ಟಿ-ಕಣಗಳ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತವೆ. ಅಂಥ ರಕ್ತವನ್ನು ಪರೀಕ್ಷಿಸಿ, ಈ ಮನುಷ್ಯನಲ್ಲಿ ಲಸಿಕೆಯಿಂದ ಸ್ಮರಣೆ ಹುಟ್ಟಿಲ್ಲ ಎಂದು ಬರೆದರೆ ಆ ವಾಕ್ಯ ಮನುಷ್ಯನನ್ನು ಕುರಿತದ್ದೋ ಕಳೆದ ರಾತ್ರಿಯನ್ನು ಕುರಿತದ್ದೋ ಹೇಳುವಂತಿಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಪ್ರತಿಕಾಯಗಳ ಪರೀಕ್ಷೆ ಊರೂರಿಗೆ ಹಬ್ಬಿ, ಟಿ-ಕಣಗಳ ಪರೀಕ್ಷೆ ಕೆಲವೇ ದೊಡ್ಡ ಪ್ರಯೋಗಶಾಲೆಗಳಲ್ಲಿ ಉಳಿದುದಕ್ಕೆ ಇದೂ ಒಂದು ಕಾರಣ. ರಕ್ತರಸ ಕಾಯುತ್ತದೆ, ಜೀವಕಣ ಕಾಯದು.

ಇಷ್ಟೆಲ್ಲ ದೋಷಗಳಿಗೆ ಪ್ರಯೋಗಶಾಲೆಯ ಗುಣಪರೀಕ್ಷೆಯೇ ಪರಿಹಾರವಲ್ಲವೆ ಎಂದು ವಾಚಕರು ಕೇಳಬಹುದು. ದೇಶದ ಸಿ.ಡಿ.4 ಪ್ರಯೋಗಶಾಲೆಗಳ ಹೊರಗುಣಪರೀಕ್ಷೆಯನ್ನು ನಡೆಸುವ ಹೊಣೆಯನ್ನು ಪುಣೆಯ ಸಂಸ್ಥೆಯೇ ಹೊತ್ತು, ಕೆನಡಾ ದೇಶದ ಅಂಥದೇ ಯೋಜನೆಯೊಡನೆ ಸಹಕರಿಸಿ ನಡೆಸಿಕೊಂಡು ಬಂದಿದೆ. ಪುಣೆಯ ಹೆಮ್ಮೆಗಳಲ್ಲಿ ಇದೂ ಒಂದಾಗಬೇಕು. ಈ ಪರೀಕ್ಷೆಯ ಕ್ರಮ ಹೀಗೆ: ಕೆಡದಂತೆ ರಾಸಾಯನಿಕದಿಂದ ಸ್ಥಿರಗೊಳಿಸಿದ ರಕ್ತವನ್ನು ಎಲ್ಲ ಪ್ರಯೋಗಶಾಲೆಗಳಿಗೂ ಕಳುಹಿಸುತ್ತಾರೆ. ಒಂದೇ ರಕ್ತಕ್ಕೆ ಎಲ್ಲರೂ ಸುಮಾರು ಒಂದೇ ಸಂಖ್ಯೆಯನ್ನು ಹೇಳಬೇಕು. ತಪ್ಪಿದವರನ್ನು ತಿದ್ದುತ್ತಾರೆ. ಯಂತ್ರ ಕೆಟ್ಟಿದ್ದರೆ, ಅಳತೆಯ ಕೊಳವೆ ತಪ್ಪಿದ್ದರೆ, ಎಣಿಸುವವನು ಗೆರೆಯನ್ನು ಅಡ್ಡಾದಿಡ್ಡಿ ಎಳೆದಿದ್ದರೆ ಇದರಿಂದ ಬಯಲಿಗೆ ಬರುತ್ತದೆ.

ಆದರೆ ಆ ರಕ್ತವನ್ನು ಯಾವ ತೋಳಿನಿಂದಲೂ ಆ ಪ್ರಯೋಗಶಾಲೆಯವರು ತೆಗೆದಿಲ್ಲ. ಅದು ಬಿಸಿಲಲ್ಲಿ ಕಾಯ್ದರೂ ಬೇಗ ಕೆಡದಂತೆ ಮಾಡಿದ ರಕ್ತ. ಪಟ್ಟಿ ಬಿಗಿದ ಮೂರು ನಿಮಿಷ, ಅರ್ಧ ತುಂಬಿದ ಕೊಳವೆ, ಹಿಂಡಿದ ಬೆರಳು, ಮಂಜಿನ ಮೇಲಿನ ಪ್ರಯಾಣ ಇವು ಯಾವುವೂ ಆ ಪರೀಕ್ಷೆಯ ಕಣ್ಣಿಗೆ ಬೀಳುವಂತಿಲ್ಲ. ಲೆಕ್ಕಪುಸ್ತಕದ ಕೂಡುವಿಕೆ ಕಳೆಯುವಿಕೆಗಳು ನೂರಕ್ಕೆ ನೂರು ಸರಿಯಾಗಿದ್ದು, ಮೊದಲ ಚೀಟಿಯಲ್ಲಿಯೇ ಮೊಬಲಗು ತಪ್ಪಾಗಿ ಬಿದ್ದಿದ್ದರೆ ತನಿಖೆದಾರನಿಗೆ ಹೇಗೆ ಏನೂ ಕಾಣದೋ ಹಾಗೆಯೇ ಇದು. ಎಣಿಕೆಯನ್ನು ಎರಡನೆಯ ಸಲ ಮಾಡಿದರೂ ಅದೇ ತಪ್ಪು ಸಂಖ್ಯೆ ಬರುತ್ತದೆ. ಬಂದುದರಿಂದ ನಂಬಿಕೆ ಮತ್ತಷ್ಟು ಗಟ್ಟಿಯಾಗುತ್ತದೆ.

ಒಂದು ರಕ್ಷಣೆ ಗಣಿತದಲ್ಲಿಯೇ ಉಂಟು. ಒಟ್ಟು ಲಿಂಫೋಸೈಟುಗಳಲ್ಲಿ ಸಿ.ಡಿ.4 ಕಣಗಳು ನೂರಕ್ಕೆ ಎಷ್ಟು ಎಂಬ ಪ್ರಮಾಣವನ್ನು ಸಂಖ್ಯೆಯ ಜೊತೆಗೆ ಬರೆದರೆ, ರಕ್ತ ತೆಳುವಾಗಲಿ ಒತ್ತಾಗಲಿ ಆ ಪ್ರಮಾಣ ಕದಲುವುದಿಲ್ಲ; ಅಂಶವೂ ಛೇದವೂ ಒಟ್ಟಿಗೆ ಏರಿಳಿಯುತ್ತವೆ. ಸಂಖ್ಯೆ ಜಿಗಿದು ಪ್ರಮಾಣ ನಿಂತಲ್ಲೇ ನಿಂತಿದ್ದರೆ ಸಂದೇಹಪಡಲು ಎಡೆಯಿದೆ. ಲಿಂಫೋಸೈಟುಗಳ ಸಂಖ್ಯೆ ವಯಸ್ಸಿನೊಡನೆ ಬಹಳ ಬದಲಾಗುವ ಐದು ವರ್ಷದೊಳಗಿನ ಮಕ್ಕಳಲ್ಲಿ ವೈದ್ಯರು ಬಹುಕಾಲ ಪ್ರಮಾಣವನ್ನೇ ನೆಚ್ಚಿದರು. ಆದರೆ ಶ್ರಮ, ಶೈತ್ಯ, ವಿಳಂಬಗಳು ಒಂದು ಬಗೆಯ ಕಣವನ್ನು ಇನ್ನೊಂದಕ್ಕಿಂತ ಹೆಚ್ಚಾಗಿ ತಾಕುವುದರಿಂದ ಅಲ್ಲಿ ಪ್ರಮಾಣವೂ ಜಾರುತ್ತದೆ.

ಉಳಿದ ಉಪಾಯ ಬರವಣಿಗೆಯದು. ಕೊಳವೆಯ ಚೀಟಿಯ ಮೇಲೆ ಹೆಸರು ಮತ್ತು ತಾರೀಖಿನ ಜೊತೆಗೆ ರಕ್ತ ತೆಗೆದ ಗಂಟೆ, ಪ್ರಯೋಗಶಾಲೆಗೆ ಬಂದ ಗಂಟೆ, ಬಂದಾಗಿನ ಪೆಟ್ಟಿಗೆಯ ಉಷ್ಣತೆ ಇವನ್ನು ಬರೆದಿದ್ದರೆ, ಬಾಗಿಲಲ್ಲಿ ಕುಳಿತವನು ಹೆಪ್ಪುಗಟ್ಟಿದ್ದನ್ನೂ ಅವಧಿ ಮೀರಿದ್ದನ್ನೂ ಅರ್ಧ ತುಂಬಿದ್ದನ್ನೂ ಹಿಂದಿರುಗಿಸಬಲ್ಲ. ಹಿಂದಿರುಗಿಸಿದರೆ ಯಾರೋ ಒಬ್ಬರು ಇನ್ನೊಮ್ಮೆ ಬಸ್ಸು ಹಿಡಿದು, ಒಂದು ದಿನದ ಕೂಲಿಯನ್ನು ಬಿಟ್ಟು, ಇನ್ನೊಮ್ಮೆ ತೋಳು ಚಾಚಬೇಕಾಗುತ್ತದೆ. ಆ ಸಂಕೋಚದಿಂದಲೇ ಎಷ್ಟೋ ಕೊಳವೆಗಳು ಒಳಗೆ ಹೋಗುತ್ತವೆ. ತೆಗೆದ ಗಂಟೆಯ ಕಾಲಂ ಬರಿದಾಗಿದ್ದ ಚೀಟಿಗೂ ಯಂತ್ರ ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ.